ನಾಣ್ಯವುಂಟು, ಚಕ್ರವರ್ತಿಯಿದ್ದನೆ?

ರೋಮಿನ ಪ್ರಾಚೀನ ಇತಿಹಾಸಕಾರರಾರೂ ಹೆಸರಿಸದ ಚಕ್ರವರ್ತಿಯೊಬ್ಬನು ಬೆರಳೆಣಿಕೆಯ ಚಿನ್ನದ ನಾಣ್ಯಗಳಲ್ಲಿ ಮಾತ್ರ ಉಳಿದಿದ್ದಾನೆ. ಅವನ ಹೆಸರು ಸ್ಪಾನ್ಸಿಯನ್. 1713ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ದೊರೆಯಿತೆನ್ನಲಾದ ನಿಧಿಯೊಂದರಿಂದ ಈ ನಾಣ್ಯಗಳು ಬೆಳಕಿಗೆ ಬಂದವು. ಒಂದು ಗ್ಲಾಸ್ಗೋದ ಹಂಟೇರಿಯನ್ ವಸ್ತುಸಂಗ್ರಹಾಲಯದಲ್ಲಿದೆ; ಮತ್ತೊಂದು ರುಮೇನಿಯಾದ ಸಿಬಿಯು ನಗರದ ಬ್ರುಕೆಂತಾಲ್ ಸಂಗ್ರಹಾಲಯದಲ್ಲಿದೆ.

ನಾಣ್ಯದ ಮುಮ್ಮುಖದಲ್ಲಿ ಕಿರಣಕಿರೀಟ ಧರಿಸಿದ ಮುಖವಿದೆ. ಹಿಮ್ಮುಖದ ಚಿತ್ರವು ಕ್ರಿ.ಪೂ. ಎರಡನೆಯ ಶತಮಾನದ ಗಣರಾಜ್ಯ ಕಾಲದ ಬೆಳ್ಳಿ ನಾಣ್ಯವೊಂದರ ಅನುಕರಣೆ. ರೋಮನ್ ಟಂಕಸಾಲೆಗಳ ಪದ್ಧತಿಯಂತೆ ಅಚ್ಚೊತ್ತದೆ, ಇದನ್ನು ಎರಕ ಹೊಯ್ದು ಮಾಡಲಾಗಿದೆ. ಬರಹದಲ್ಲಿಯೂ ಅಗಸ್ಟಸ್ ಎಂಬ ಬಿರುದಿಲ್ಲ. 'ಚಕ್ರವರ್ತಿ ಸ್ಪಾನ್ಸಿಯನ್ನನ' ಎಂಬ ಷಷ್ಠೀ ವಿಭಕ್ತಿಯ ರೂಪವಷ್ಟೇ ಇದೆ. ಇಂತಹ ವಿಲಕ್ಷಣತೆಗಳಿಂದಾಗಿಯೇ 19ನೆಯ ಶತಮಾನದ ನಾಣ್ಯಶಾಸ್ತ್ರಜ್ಞ ಆನ್ರಿ ಕೋಹೆನ್ ಇವುಗಳನ್ನು ಕೂಟನಾಣ್ಯಗಳೆಂದು ತಳ್ಳಿಹಾಕಿದನು.

2022ರಲ್ಲಿ ಪಾಲ್ ಪಿಯರ್ಸನ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಮೇಲ್ಮೈಯ ಗೀರುಗಳಲ್ಲಿ ಚಲಾವಣೆಯ ಕುರುಹನ್ನೂ ಅಂಟಿಕೊಂಡ ಖನಿಜಗಳಲ್ಲಿ ದೀರ್ಘಕಾಲ ಹೂತಿದ್ದ ಕುರುಹನ್ನೂ ಗುರುತಿಸಿದರು. ಅಲ್ಲಿಂದ ಮುಂದೆ ಅವರು ಕಟ್ಟಿದ ಕಥನ ಹೀಗಿದೆ: ಮೂರನೆಯ ಶತಮಾನದ ಕ್ಷೋಭೆಯಲ್ಲಿ ರೋಮಿನಿಂದ ಬೇರ್ಪಟ್ಟ ಡೇಸಿಯಾದಲ್ಲಿ ಸ್ಪಾನ್ಸಿಯನ್ ಎಂಬ ಸೇನಾನಿಯು ಅಧಿಕಾರ ವಹಿಸಿಕೊಂಡು, ಸ್ಥಳೀಯ ಗಣಿಗಳ ಚಿನ್ನದಿಂದ ನಾಣ್ಯ ಹೊರಡಿಸಿದನು. ಬ್ರಿಟನ್ನಿನ ಕೆಲವು ನಾಣ್ಯತಜ್ಞರು ಇದನ್ನು ಒಪ್ಪಲಿಲ್ಲ.

ಇಲ್ಲಿ ಮೂರು ಪ್ರಶ್ನೆಗಳು ಬೆರೆತುಹೋಗಿವೆ: ನಾಣ್ಯ ಹಳೆಯದೆ? ಅದು ಚಲಾವಣೆಯಲ್ಲಿತ್ತೆ? ಅದರ ಮೇಲಿನ ವ್ಯಕ್ತಿ ಆಳಿದನೆ? ಗೀರು, ಮಣ್ಣುಗಳ ಸಾಕ್ಷ್ಯವನ್ನು ಪೂರ್ಣವಾಗಿ ಒಪ್ಪಿದರೂ ಅದು ಮೊದಲೆರಡಕ್ಕೆ ಮಾತ್ರ ಉತ್ತರವಾದೀತು. ಗಡಿಯಾಚೆಯ ಜನರು ರೋಮನ್ ನಾಣ್ಯಗಳನ್ನು ಅನುಕರಿಸುತ್ತಿದ್ದರು. ಅಂತಹ ಅನುಕರಣೆಯೂ ಪ್ರಾಚೀನವೇ. ಆದರೆ ಅದರ ಮೇಲಿನ ಹೆಸರು ಸಿಂಹಾಸನಕ್ಕೆ ಸಾಕ್ಷಿಯಾಗದು.

ಕನ್ನಡದ ಶಾಸನಾಧ್ಯಯನಕ್ಕೆ ಈ ಸಮಸ್ಯೆ ಹೊಸದಲ್ಲ. ಗಂಗರ ತಾಮ್ರಶಾಸನಗಳನ್ನು ಕುರಿತು ಫ್ಲೀಟ್ ಕೂಟವೆಂದೂ ರೈಸ್ ಸಾಚಾ ಎಂದೂ ವಾದಿಸಿದಾಗ, ನಿರ್ಣಯಕ್ಕೆ ಲಿಪಿ, ತಿಥಿ, ಭಾಷೆ, ವಂಶಾವಳಿಗಳನ್ನೇ ಒರೆಗೆ ಹಚ್ಚಬೇಕಾಯಿತು. ತಾಮ್ರದ ಪ್ರಾಚೀನತೆಯೊಂದೇ ಪಾಠದ ಪ್ರಾಮಾಣ್ಯವಾಗಲಾರದು. ಚಿನ್ನಕ್ಕೂ ಇದೇ ನಿಯಮ.

ಸ್ವತಂತ್ರವಾದ ಶಾಸನವೋ ಉತ್ಖನನದ ಸಾಕ್ಷ್ಯವೋ ದೊರೆಯುವವರೆಗೆ ನಾಣ್ಯವನ್ನು ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಬಹುದು. ಸ್ಪಾನ್ಸಿಯನ್ನನನ್ನು ಚಕ್ರವರ್ತಿಗಳ ಪಟ್ಟಿಗೆ ಸೇರಿಸುವುದು ಆತುರವಾದೀತು.