ಗಣಿಯ ಹಣವು ಯಾರ ದುಡಿಮೆಗೆ?

ಹೊಸಪೇಟೆಯ ಬಡತನದ ಮಾತು ಬಂದಾಗಲೆಲ್ಲ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಗಣಿ ನಡೆದರೆ ಎಲ್ಲರಿಗೂ ಅನ್ನವಿದೆ ಎಂಬುದೊಂದು. ದಾನಿಗಳು ಕೈಬಿಚ್ಚಿದರೆ ಸಾಕೆಂಬುದು ಮತ್ತೊಂದು. ಎರಡೂ ಬಡವನನ್ನು ಪರರ ಬಾಗಿಲಲ್ಲಿ ನಿಲ್ಲಿಸುತ್ತವೆ ಎಂಬುದೇ ನಮ್ಮ ಆಕ್ಷೇಪ.

ಮೊದಲನೆಯ ಉತ್ತರದ ಪೊಳ್ಳುತನವು 2011ರಲ್ಲಿ ಬಯಲಾಯಿತು. ಸಂಡೂರಿನ ಅದಿರಿಗೆ ಚೀನಾದ ಬೇಡಿಕೆ ಏರಿದ್ದ ವರ್ಷಗಳಲ್ಲಿ ಇಲ್ಲಿನ ರಸ್ತೆಗಳು ಲಾರಿಗಳಿಂದ ತುಂಬಿದ್ದವು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಸಲ್ಲಿಕೆಯಾದ ಜುಲೈ ತಿಂಗಳಲ್ಲೇ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಲೂಟಿಗೆ ತಡೆ ಬೇಕೇ ಇತ್ತು. ಆದರೆ ಲಾಭ ಕೂಡಿಟ್ಟವರು ಒಬ್ಬರು, ಕೆಲಸ ಕಳೆದುಕೊಂಡವರು ಇನ್ನೊಬ್ಬರು: ಚಾಲಕ, ಕ್ಲೀನರ್, ಪಂಕ್ಚರ್ ಹಾಕುವವನು, ರಸ್ತೆಬದಿಯಲ್ಲಿ ಚಹಾ ಮಾರುವವಳು. ಒಂದೇ ಸರಕಿಗೆ ಊರನ್ನು ಕಟ್ಟಿಹಾಕಿದ್ದರ ಫಲವಿದು.

ಅದೇ ತಿಂಗಳು ಹಂಪಿಯಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬಜಾರು ತೆರವಾಯಿತು. ಸ್ಮಾರಕರಕ್ಷಣೆ ಸಲ್ಲದೆಂದು ಯಾರೂ ಹೇಳರು. ಆದರೆ ಯಾತ್ರಿಕರನ್ನು ನಂಬಿ ಬದುಕುವವನಿಗೆ ಯಾತ್ರಿಕರ ದಾರಿ ತಪ್ಪಿಸಿ ಬೇರೆಡೆ ನಿವೇಶನ ಕೊಟ್ಟರೆ ಮನೆ ಸಿಕ್ಕೀತು, ಕಸುಬು ಸಿಗದು.

ಹಾಗಾದರೆ ಹಣವಿಲ್ಲವೆ? 2015ರ ತಿದ್ದುಪಡಿಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನಗಳು ರೂಪುಗೊಂಡವು. ಹಳೆಯ ಗುತ್ತಿಗೆದಾರರು ರಾಜಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟನ್ನು ಅದಕ್ಕೆ ಕೊಡಬೇಕು. ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳ ಸಾಲಿನಲ್ಲೇ ಕೌಶಲಾಭಿವೃದ್ಧಿಯೂ ಅದರ ಆದ್ಯತೆಯೆಂದು ಮಾರ್ಗಸೂಚಿ ಹೇಳುತ್ತದೆ. ಆದರೆ ಕಟ್ಟಡಕ್ಕೆ ಶಿಲಾಫಲಕ ಹಾಕಬಹುದು, ಹೊಲಿಗೆಯಂತ್ರಕ್ಕೆ ಹಾಕಲಾಗದು! 2021ರಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. ಅದಿರಿನ ಧೂಳಾಗಲಿ ಕೂಲಿಯವನ ಹಸಿವಾಗಲಿ ಜಿಲ್ಲೆಯ ಗಡಿಯನ್ನು ಕೇಳಿ ದಾಟುವುದಿಲ್ಲ.

ದಾರಿಯನ್ನು ದೂರದಲ್ಲಿ ಹುಡುಕಬೇಕಿಲ್ಲ. ಸಂಡೂರಿನ ಕುಶಲ ಕಲಾ ಕೇಂದ್ರದ ಲಂಬಾಣಿ ಮಹಿಳೆಯರನ್ನು ನೋಡಿರಿ. ಬಟ್ಟೆ, ದಾರ, ಕನ್ನಡಿಯ ಚೂರುಗಳಿಂದ ಅವರು ಮಾಡುವ ಕಸೂತಿ ಭೌಗೋಳಿಕ ಸೂಚಕದ ಮನ್ನಣೆ ಪಡೆದಿದೆ. ಅದಿರು ಕಚ್ಚಾ ರೂಪದಲ್ಲೇ ಊರು ಬಿಡುತ್ತದೆ. ಈ ಬಟ್ಟೆಯಾದರೋ ಮೌಲ್ಯವನ್ನು ಇಲ್ಲಿಯ ಕೈಗಳಲ್ಲೇ ಪಡೆದು ಹೊರಡುತ್ತದೆ. ಕಂಪ್ಲಿಯ ಭತ್ತ, ಹೊಸಪೇಟೆಯ ಕಬ್ಬು ಬಾಳೆಗಳ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬೇಕು: ಕೊನೆಯ ಹದ ಎಲ್ಲಿ ಆಗುತ್ತದೆ, ಆ ಕೂಲಿ ಯಾರಿಗೆ ಸಲ್ಲುತ್ತದೆ?

ನಮ್ಮ ವರ್ತಕ ಬಂಧುಗಳಿಗೂ ಒಂದು ಮಾತು. ಅನ್ನದಾನವು ಪುಣ್ಯಕಾರ್ಯವೇ, ಆದರೆ ದುಡಿಯುವವನ ಕೂಲಿಯಲ್ಲಿ ಹಿಡಿದುಕೊಂಡ ಹಣದಿಂದ ಸಂತರ್ಪಣೆ ನಡೆಸಿದರೆ ಅದು ದಾನವಲ್ಲ, ಬಾಕಿ ತೀರಿಸುವುದು, ಅದೂ ಅರ್ಧ ಮಾತ್ರ. ಶಾಲೆಯ ಸಮವಸ್ತ್ರವನ್ನು ಊರಿನ ಸ್ತ್ರೀಸಂಘಗಳಿಂದ ಹೊಲಿಸಿರಿ, ತಳ್ಳುಗಾಡಿಯವನಿಗೆ ಹಗುರ ಬಡ್ಡಿಗೆ ಬಂಡವಾಳ ಕೊಡಿರಿ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಚುನಾಯಿತ ಬೀದಿ ವ್ಯಾಪಾರಿಗಳಿಗೆ ಸಲ್ಲಬೇಕು. ಇನ್ನು ಮುಂದೆ ಯಾವ ಬಜಾರನ್ನು ತೆರವು ಮಾಡುವ ಮಾತೆತ್ತಿದರೂ ಮೊದಲು ಆ ಸಮಿತಿಯನ್ನು ಕರೆದು ಕೂರಿಸಿರಿ.