ಒಣ ತೂಕ, ನಿಜ ತೂಕ

‘ಊರಿಗೆ ಬಂದವಳು ನೀರಿಗೆ ಬಾರದಿರುವಳೆ’ ಎಂಬ ಗಾದೆಯನ್ನು ನಮ್ಮ ಕಡೆ ಯಾವ ಸಂದರ್ಭಕ್ಕೆ ಬಳಸುತ್ತಾರೆಂಬುದು ತಮಗೆಲ್ಲ ತಿಳಿದೇ ಇದೆ. ಮಿಷಿಗನ್ ರಾಜ್ಯಕ್ಕೆ ಬಂದು ನೆಲಸಿದ ನಮ್ಮಂಥವರ ಪಾಲಿಗೆ ಆ ಗಾದೆ ಅಕ್ಷರಶಃ ನಿಜವಾಗಿದೆ. ಐದು ಮಹಾಸರೋವರಗಳಲ್ಲಿ ನಾಲ್ಕು ಈ ರಾಜ್ಯದ ಅಂಚನ್ನು ಮುಟ್ಟುತ್ತವೆ. ಒಳನಾಡಿನ ಕೆರೆಗಳಂತೂ ಸಾವಿರಾರು. ನಾವು ದಡದಲ್ಲಿ ಕುಳಿತು ಚಿತ್ರಾನ್ನದ ಬುತ್ತಿ ಬಿಚ್ಚಿ ತೃಪ್ತರಾದವರು. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ದಡದಲ್ಲಿ ನಿಲ್ಲುವವರಲ್ಲ. ಅವರಿಗೆ ದೋಣಿ ಬೇಕು, ಅದನ್ನು ಮನೆಯ ಮುಂದೆ ಟ್ರೇಲರಿನ ಮೇಲೆ ನಿಲ್ಲಿಸಿಕೊಂಡು ಬೇಕೆಂದಾಗ ಬೇಕಾದ ಕೆರೆಗೆ ಎಳೆದೊಯ್ಯಬೇಕು.

ಕಳೆದ ಸಮ್ಮೇಳನದ ಸಂಚಿಕೆಯಲ್ಲಿ, ಹಿಮ ಬೀಳುವ ನಾಡಿನಲ್ಲಿ ಕರಿಬೇವಿನ ಗಿಡವನ್ನು ಉಳಿಸಿಕೊಳ್ಳುವ ಬಗೆಯನ್ನು ಕುರಿತು ಇದೇ ಅಂಕಣದಲ್ಲಿ ಬರೆದಿದ್ದೆ. ಈ ಬಾರಿ ದೋಣಿಯ ತೂಕದ ವಿಚಾರ. ಒಲೆಯ ಮುಂದಿನವಳಿಗೆ ಈ ಗೊಡವೆ ಏಕೆಂದು ತಾವು ಕೇಳಬಹುದು. ದೋಣಿ ನೀರಿನಲ್ಲಿ ತೇಲುವುದು ವರ್ಷದಲ್ಲಿ ಕೆಲವೇ ದಿನ. ಆ ದಿನಗಳಿಗೆ ಮುಂಚೆಯೂ ಆಮೇಲೂ ಅದು ಹೆದ್ದಾರಿಯ ಮೇಲೆ ಗಂಟೆಗೆ 60 ಮೈಲಿ ವೇಗದಲ್ಲಿ ನಮ್ಮ ಮಕ್ಕಳು ಮೊಮ್ಮಕ್ಕಳು ಕುಳಿತ ವಾಹನದ ಬೆನ್ನಿಗೆ ಕಟ್ಟಿಕೊಂಡು ಓಡುತ್ತಿರುತ್ತದೆ. ಅದರ ಭಾರವೆಷ್ಟೆಂದು ಕೇಳುವುದು ಮನೆಯವರೆಲ್ಲರ ಹಕ್ಕು.

ನನ್ನ ಮಗ ಹಳೆಯ ದೋಣಿಯೊಂದನ್ನು ಕೊಳ್ಳಲು ಮನಸ್ಸು ಮಾಡಿದ. ಹದಿನೆಂಟು ಅಡಿ ಉದ್ದ, ಫೈಬರ್‌ಗ್ಲಾಸಿನ ಮೈ. ‘ಅಮ್ಮಾ, ಇದರ ತೂಕ 2,200 ಪೌಂಡು, ನಮ್ಮ ವ್ಯಾನು 3,500 ಪೌಂಡು ಎಳೆಯುತ್ತದೆ, ಯೋಚನೆಯೇ ಬೇಡ’ ಎಂದ. ತಯಾರಕರ ಪತ್ರಿಕೆಯಲ್ಲಿ ಆ ಅಂಕಿಯ ಪಕ್ಕದಲ್ಲಿ ‘ಒಣ ತೂಕ’ ಎಂದು ಅಚ್ಚಾಗಿತ್ತು. ನಾನು ಓದಿದ್ದು ಮೈಸೂರಿನಲ್ಲಿ ಬಿ.ಎ., ಎಂಜಿನಿಯರಿಂಗ್ ಅಲ್ಲ. ಆದರೂ ಪದದ ಅರ್ಥ ಕೇಳುವ ಅಭ್ಯಾಸ ಕಲಾ ವಿಭಾಗದವರಿಗೆ ಹೋಗುವುದಿಲ್ಲ. ‘ಒಣ ಎಂದರೇನಪ್ಪ? ಇದು ಖಾಲಿ ಕೊಡದ ತೂಕವೊ, ತುಂಬಿದ ಕೊಡದ ತೂಕವೊ?’ ಎಂದೆ.

ವಿಚಾರಿಸಿದಾಗ ಅದು ಖಾಲಿ ಕೊಡವೇ ಎಂದು ತಿಳಿಯಿತು. ಹೊರಗೆ ತೂಗುಹಾಕುವ ಎಂಜಿನ್ನಿನ ದೋಣಿಗಳಿಗೆ ಪತ್ರಿಕೆಯಲ್ಲಿ ಕಾಣುವ ಒಣ ತೂಕದಲ್ಲಿ ಬಹಳ ಸಲ ಎಂಜಿನ್ನೇ ಸೇರಿರುವುದಿಲ್ಲ. ಇಂಧನ, ಬ್ಯಾಟರಿ, ಲಂಗರು, ಸಾಮಾನು ಯಾವುದೂ ಇಲ್ಲ. ಟ್ರೇಲರಂತೂ ಇಲ್ಲವೇ ಇಲ್ಲ. ದೋಣಿಯ ಒಳಮೈಗೆ ಬಡಿದ ಚಿಕ್ಕ ಲೋಹದ ಫಲಕದಲ್ಲೂ ಪೌಂಡಿನ ಅಂಕಿಯೊಂದಿರುತ್ತದೆ. ಅದನ್ನು ದೋಣಿಯ ತೂಕವೆಂದು ತಿಳಿಯುವವರಿದ್ದಾರೆ. ಈ ದೇಶದಲ್ಲಿ ಇಪ್ಪತ್ತು ಅಡಿಗಿಂತ ಚಿಕ್ಕದಾದ ಸಾಮಾನ್ಯ ಮೋಟಾರು ದೋಣಿಗಳಿಗೆ ಕಡ್ಡಾಯವಾದ ಆ ಫಲಕ ಹೇಳುವುದು, ನೀರಿನ ಮೇಲೆ ದೋಣಿ ಎಷ್ಟು ಜನರನ್ನೂ ಎಷ್ಟು ಭಾರವನ್ನೂ ಹೊರಬಹುದು ಎಂಬುದನ್ನು. ರಸ್ತೆಗೂ ಅದಕ್ಕೂ ಸಂಬಂಧವಿಲ್ಲ.

ಅಂದು ರಾತ್ರಿ ಊಟದ ಮೇಜಿನ ಮೇಲೆ ಕಾಗದ ಹರಡಿ, ಮದುವೆಮನೆಯ ದಿನಸಿ ಪಟ್ಟಿ ಬರೆಯುವ ಹಾಗೆ ಒಂದೊಂದಾಗಿ ಬರೆದೆವು. ದೋಣಿಯ ಮೈ 2,200 ಪೌಂಡು. 115 ಅಶ್ವಶಕ್ತಿಯ ಎಂಜಿನ್ನು 375. ಪೆಟ್ರೋಲು ಗ್ಯಾಲನ್ನಿಗೆ ಸುಮಾರು 6 ಪೌಂಡಿನಂತೆ 30 ಗ್ಯಾಲನ್ನಿಗೆ 180. ಎರಡು ಬ್ಯಾಟರಿ 100. ಲಂಗರು, ಸರಪಳಿ, ಹಗ್ಗ 40. ಜೀವರಕ್ಷಕ ಜಾಕೆಟ್ಟು, ಹುಟ್ಟು, ಬೆಂಕಿ ಆರಿಸುವ ಡಬ್ಬ, ಸಲಕರಣೆ 45. ಮಂಜುಗಡ್ಡೆ ತುಂಬಿದ ತಂಪುಪೆಟ್ಟಿಗೆ 60. ಮಕ್ಕಳ ಆಟದ ರಬ್ಬರು ಚಕ್ರ, ಟವೆಲು, ಡೇರೆ 60. ಟ್ರೇಲರು 940. ಯಜಮಾನರು ಕೂಡಿ ಗೆರೆ ಎಳೆದಾಗ ಬಂದ ಮೊತ್ತ 4,000 ಪೌಂಡು. ಪತ್ರಿಕೆಯ 2,200 ಎಲ್ಲಿ, ಈ 4,000 ಎಲ್ಲಿ! ವ್ಯಾನಿನ 3,500 ಆಗಲೇ ಹಿಂದೆ ಬಿದ್ದಿತ್ತು.

‘ಇದೆಲ್ಲ ಅಂದಾಜು, ಅಷ್ಟು ಇರಲಾರದು’ ಎಂದು ಮಗ ಒಪ್ಪಲಿಲ್ಲ. ಅವನ ಮಾತಿನಲ್ಲೂ ನ್ಯಾಯವಿತ್ತು. ಅಂದಾಜಿಗೆ ಉತ್ತರ ತಕ್ಕಡಿಯೇ. ನಾನು ಮಂಡ್ಯ ಸೀಮೆಯವಳು. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಗಾಡಿಯನ್ನು ಹೊರೆಯ ಸಮೇತ ಒಮ್ಮೆ, ಹೊರೆ ಇಳಿಸಿದ ಮೇಲೆ ಒಮ್ಮೆ ತೂಗಿ, ಎರಡರ ವ್ಯತ್ಯಾಸವನ್ನು ಕಬ್ಬಿನ ತೂಕವೆಂದು ಬರೆದುಕೊಳ್ಳುವುದನ್ನು ಬಾಲ್ಯದಿಂದ ಕಂಡವಳು. ದೋಣಿಗೂ ಅದೇ ನ್ಯಾಯ. ಇಲ್ಲಿನ ಹೆದ್ದಾರಿಗಳ ಬದಿಯಲ್ಲಿ ಲಾರಿಗಳು ತಂಗುವ ಟ್ರಕ್ ಸ್ಟಾಪುಗಳಲ್ಲಿ ಅಂಥ ತೂಕದ ಕಟ್ಟೆಗಳಿವೆ. ಅಲ್ಪ ಶುಲ್ಕ ಕೊಟ್ಟರೆ ಯಾರ ವಾಹನವನ್ನಾದರೂ ತೂಗಿ, ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚು ಎಂದು ಬೇರೆ ಬೇರೆ ಅಂಕಿಗಳಿರುವ ಚೀಟಿ ಕೊಡುತ್ತಾರೆ.

ದೋಣಿ ಮಾರುವವರು ನಿವೃತ್ತ ಉಪಾಧ್ಯಾಯರು, ಸಜ್ಜನರು. ಕೊಳ್ಳುವ ಮುನ್ನ ತೂಗಿಸಬೇಕೆಂದಾಗ ಬೇಸರಪಡದೆ, ಇಂಧನದ ತೊಟ್ಟಿ ತುಂಬಿಸಿ, ತಮ್ಮ ಪಿಕಪ್ ವಾಹನದಲ್ಲೇ ಎಳೆದು ತಂದರು. ನಮ್ಮ ಪ್ರವಾಸದ ಸಾಮಾನಿಗೆ ಬದಲಾಗಿ ಇಪ್ಪತ್ತು ಪೌಂಡಿನ ಎಂಟು ಸೋನಾ ಮಸೂರಿ ಅಕ್ಕಿ ಚೀಲಗಳನ್ನು ಮಗ ದೋಣಿಯ ಹಿಂಬದಿಯಲ್ಲಿ ಇಟ್ಟ. ಮೊದಲು ಟ್ರೇಲರ್ ಸಮೇತ ತೂಗಿದಾಗ ಎಲ್ಲ ಸೇರಿ 9,860 ಪೌಂಡು. ಟ್ರೇಲರು ಬಿಚ್ಚಿ, ಅದೇ ಜನ ಕುಳಿತ ಪಿಕಪ್ಪನ್ನು ಮಾತ್ರ ತೂಗಿದಾಗ 5,620. ಕಳೆದರೆ ಟ್ರೇಲರು, ದೋಣಿ, ಸಾಮಾನು ಕೂಡಿ 4,240. ನಮ್ಮ ಪಟ್ಟಿಗಿಂತಲೂ 240 ಪೌಂಡು ಹೆಚ್ಚು! ಟ್ರೇಲರಿಗೆ ಬಡಿದ ಫಲಕದ ಪ್ರಕಾರ ಅದು ದೋಣಿ ಸಮೇತ ತಡೆಯಬಲ್ಲ ಪರಮಾವಧಿ ತೂಕವೇ 4,200. ಅದನ್ನೂ ಆ ದೋಣಿ 40 ಪೌಂಡು ಮೀರಿತ್ತು.

ಈ ಹೆಚ್ಚಿನ 240 ಪೌಂಡು ಎಲ್ಲಿಂದ ಬಂತು? ದೋಣಿ ಮುಳುಗದಿರಲೆಂದು ನೆಲದ ಹಲಗೆಯ ಕೆಳಗೆ ನೊರೆಯಂಥ ಹಗುರ ಪದಾರ್ಥವನ್ನು ತುಂಬಿರುತ್ತಾರೆ. ಹಳೆಯ ದೋಣಿಗಳಲ್ಲಿ ಅದು ವರ್ಷಗಟ್ಟಲೆ ನೀರು ಹೀರಿ, ಹಿಂಡಲಾಗದ ಒದ್ದೆ ಕಂಬಳಿಯಂತೆ ಭಾರವಾಗುವುದುಂಟು. ನೀರು ಗ್ಯಾಲನ್ನಿಗೆ 8.3 ಪೌಂಡು, ಮೂವತ್ತು ಗ್ಯಾಲನ್ ಸೇರಿಕೊಂಡರೆ ಸುಮಾರು 250 ಪೌಂಡಾಯಿತು. ನಮ್ಮ ಊಹೆ ಇಷ್ಟೇ. ಇಂಥ ಭಾರವನ್ನು ಯಾವ ಪತ್ರಿಕೆಯೂ ಹೇಳದು, ತಕ್ಕಡಿ ಮಾತ್ರ ಹೇಳುತ್ತದೆ.

ಚೀಟಿಯಲ್ಲಿ ಇನ್ನೊಂದು ಸಂಗತಿ ಅಡಗಿತ್ತು. ಟ್ರೇಲರು ಕಟ್ಟಿದ್ದಾಗ ಪಿಕಪ್ಪಿನ ಎರಡು ಅಚ್ಚುಗಳ ಮೇಲೆ ಬಿದ್ದ ಭಾರ 5,780; ಬಿಚ್ಚಿದಾಗ 5,620. ಎಂದರೆ ಟ್ರೇಲರಿನ ಮೂತಿ ಕೊಂಡಿಯ ಮೇಲೆ ಒತ್ತುತ್ತಿದ್ದುದು 160 ಪೌಂಡು ಮಾತ್ರ. 4,240ರಲ್ಲಿ ಅದು ಶೇಕಡ 4ಕ್ಕೂ ಕಡಿಮೆ. ಸಾಮಾನ್ಯ ಟ್ರೇಲರುಗಳಿಗೆ ಇದು ಶೇಕಡ 10ರಿಂದ 15 ಇರಬೇಕೆನ್ನುತ್ತಾರೆ. ದೋಣಿಯ ಟ್ರೇಲರುಗಳಿಗೆ ಕೆಲವು ತಯಾರಕರು ಶೇಕಡ 5ರಿಂದ 10 ಸಾಕೆನ್ನುತ್ತಾರೆ. ನಮ್ಮದು ಎರಡಕ್ಕೂ ಎಟುಕಲಿಲ್ಲ.

ಎತ್ತಿನ ಗಾಡಿಯನ್ನೊ ಜಟಕಾವನ್ನೊ ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಹಿಂಭಾರ ಆಯ್ತು ಕಣ್ರವ್ವಾ, ವಸಿ ಮುಂದಕ್ಕೆ ಬನ್ನಿ’ ಎಂದು ಗಾಡಿಯವನು ಹೇಳುತ್ತಿರಲಿಲ್ಲವೆ? ಹೊರೆ ಅಚ್ಚಿನ ಹಿಂದಕ್ಕೆ ಸರಿದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ. ತೀರ ಮುಂದಕ್ಕೆ ಬಂದರೆ ಮುಂಭಾರವಾಗಿ ನೊಗ ಹೆಗಲನ್ನು ಒತ್ತುತ್ತದೆ. ಟ್ರೇಲರಿನಲ್ಲೂ ಹಾಗೆಯೇ. ಮುಂಭಾರ ಹೆಚ್ಚಾದರೆ ಎಳೆಯುವ ವಾಹನದ ಹಿಂಭಾಗ ಕುಸಿದು ಮುಂದಿನ ಗಾಲಿಗಳ ಹಿಡಿತ ಸಡಿಲವಾಗುತ್ತದೆ. ಹಿಂಭಾರವಾದರೆ ಇನ್ನೂ ಅಪಾಯ: ವೇಗ ಏರಿದಾಗ, ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ, ಟ್ರೇಲರು ಬಾಲದಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಆ ಓಲಾಟ ಹೆಚ್ಚುತ್ತ ಹೋದರೆ ಎಳೆಯುವ ವಾಹನವನ್ನೇ ರಸ್ತೆಯಿಂದ ಕೆಡವಬಲ್ಲದು. ಹಾಗಾದಾಗ ವಾಹನದ ಬ್ರೇಕನ್ನು ಥಟ್ಟನೆ ಒತ್ತಬಾರದು, ವೇಗ ಹೆಚ್ಚಿಸಲೂ ಬಾರದು. ಚುಕ್ಕಾಣಿಯನ್ನು ನೇರವಾಗಿ ಹಿಡಿದು ವೇಗ ತಾನಾಗಿ ಇಳಿಯಲು ಬಿಡಬೇಕು.

ಉಪಾಧ್ಯಾಯರು ನೋಡಿದರು. ದೋಣಿಯ ಮೂತಿ ಟ್ರೇಲರಿನ ಮುಂದಿನ ರಬ್ಬರು ತಡೆಗೆ ತಾಗದೆ ಸುಮಾರು ಒಂದು ಅಡಿ ಹಿಂದೆ ಉಳಿದಿತ್ತು. ಹತ್ತಿರದ ಕೆರೆಯ ಇಳಿಜಾರಿನಲ್ಲಿ ದೋಣಿಯನ್ನು ತೇಲಿಸಿ, ತಡೆಗೆ ತಾಗುವವರೆಗೂ ಎಳೆದು ಕಟ್ಟಿದರು. ಅಕ್ಕಿ ಚೀಲಗಳನ್ನೂ ಮುಂದಕ್ಕೆ ತಂದರು. ಮತ್ತೆ ತೂಗಿದಾಗ ಒಟ್ಟು ತೂಕ ಅಷ್ಟೇ ಇತ್ತು, ಕೊಂಡಿಯ ಭಾರ ಮಾತ್ರ 360ಕ್ಕೆ ಏರಿ ಶೇಕಡ 8.5 ಆಗಿತ್ತು. ಆದರೆ 4,240 ಪೌಂಡನ್ನು 3,500ಕ್ಕೆ ಇಳಿಸುವ ವಿದ್ಯೆ ಯಾರಲ್ಲೂ ಇರಲಿಲ್ಲ. ಮಗ ಸುಮ್ಮನೆ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಆ ದೋಣಿಯ ಮಾತು ಅಲ್ಲಿಗೆ ನಿಂತಿತು.

ಎರಡು ತಿಂಗಳ ನಂತರ ಹದಿನಾರು ಅಡಿಯ ಅಲ್ಯೂಮಿನಿಯಂ ದೋಣಿಯೊಂದು ಸಿಕ್ಕಿತು. ಈ ಸಲ ಮಗನೇ ಮೊದಲು ತಕ್ಕಡಿಗೆ ಒಯ್ದ. ಎಲ್ಲ ಸೇರಿ 2,240 ಪೌಂಡು, ಕೊಂಡಿಯ ಮೇಲೆ 220. ಎಳೆಯುವ ಲೆಕ್ಕ ಸರಿಹೋಯಿತು. ಹೊರುವ ಲೆಕ್ಕ ಇನ್ನೊಂದಿತ್ತು. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ, ಜನರೂ ಸಾಮಾನೂ ಸೇರಿ ಇಷ್ಟು ತೂಕವನ್ನು ಮೀರಬಾರದೆಂದು ಬರೆದಿರುತ್ತದೆ. ನಮ್ಮ ವ್ಯಾನಿನಲ್ಲಿ ಅದು 1,340. ನಾವಿಬ್ಬರು, ಮಗ, ಸೊಸೆ, ಶಿವಮೊಗ್ಗದಿಂದ ಬಂದಿದ್ದ ಬೀಗಿತ್ತಿಯವರು, ಮೊಮ್ಮಗಳು, ಅವಳ ಆಸನ ಎಲ್ಲ ಕೂಡಿ 880. ಕೊಂಡಿಯ ಮೇಲಿನ 220ನ್ನೂ ವ್ಯಾನೇ ಹೊರಬೇಕು. ಉಳಿದದ್ದು 240 ಪೌಂಡು. ಕೊಂಡಿಯ ಕಬ್ಬಿಣದ ಚೌಕಟ್ಟಿನ ತೂಕ ಅದರಲ್ಲೇ ಹೋಗಬೇಕು. ನಾನು ಕಟ್ಟಿಟ್ಟಿದ್ದ ರುಬ್ಬುವ ಯಂತ್ರವನ್ನು ಇಳಿಸಿ ದೋಸೆ ಹಿಟ್ಟನ್ನು ಮನೆಯಲ್ಲೇ ರುಬ್ಬಿಕೊಂಡು ಹೊರಟೆ.

ನಿಯಮಗಳನ್ನು ನೆನಪಿಡಲು ಕಷ್ಟವಿಲ್ಲ. ವಾಹನ, ಕೊಂಡಿ, ಕೊಂಡಿಯ ಗುಂಡು, ಟ್ರೇಲರು, ಅದರ ಟೈರು, ಇವೆಲ್ಲಕ್ಕೂ ಬೇರೆ ಬೇರೆ ಮಿತಿ ಇರುತ್ತದೆ. ಅವುಗಳಲ್ಲಿ ಕನಿಷ್ಠವಾದುದೇ ನಮ್ಮ ಮಿತಿ. ಟ್ರೇಲರಿಗೆ ಸ್ವಂತ ಬ್ರೇಕು ಯಾವ ತೂಕದಿಂದ ಕಡ್ಡಾಯವೆಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ಬಹಳ ಕಡೆ 3,000 ಪೌಂಡು. ಬ್ರಿಟನ್ನು, ಆಸ್ಟ್ರೇಲಿಯಾಗಳಲ್ಲಿ 750 ಕಿಲೋ ದಾಟಿದರೆ ಬ್ರೇಕು ಬೇಕೇ ಬೇಕು. ಅಲ್ಲಿಂದ ಬಂದಿರುವ ಪ್ರತಿನಿಧಿಗಳು ನಮ್ಮ ಪೌಂಡುಗಳನ್ನು 2.2ರಿಂದ ಭಾಗಿಸಿಕೊಳ್ಳಬೇಕಷ್ಟೆ.

ಈ ಸಮ್ಮೇಳನಕ್ಕೆ ಬಂದಿರುವ ಅನೇಕ ಮನೆಗಳಲ್ಲಿ ದೋಣಿಯೊ, ಅದರ ಆಸೆಯೊ ಇದ್ದೇ ಇರುತ್ತದೆ. ಬೇಸಗೆ ಮೊದಲಾಗುವ ಮುನ್ನ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು, ಪ್ರವಾಸಕ್ಕೆ ಹೊರಟಷ್ಟೇ ಸಾಮಾನು ತುಂಬಿ, ತೂಗಿಸಿ ಬನ್ನಿ. ಮಕ್ಕಳು ‘ಅಷ್ಟೇನೂ ಭಾರವಿಲ್ಲಮ್ಮಾ’ ಎಂದರೆ, ಚೀಟಿ ತೋರಿಸೆನ್ನಿ. ಆ ಚೀಟಿಯನ್ನು ವಾಹನದ ಕೈಪೆಟ್ಟಿಗೆಯಲ್ಲೇ ಇಡಿ. ಮುಂದಿನ ವರ್ಷ ದೋಣಿಗೆ ಹೊಸ ಬ್ಯಾಟರಿಯೊ ದೊಡ್ಡ ಎಂಜಿನ್ನೊ ಬಂದಾಗ ಮತ್ತೆ ತೂಗಿಸುವುದನ್ನು ಅದು ನೆನಪಿಸುತ್ತದೆ. ಎಲ್ಲರ ಪಯಣವೂ ಸುಖಕರವಾಗಲಿ.