ವಸಡಿನಡಿಯ ಮೂಳೆಯೂ ಒಂದು ದಿನದ ಶಿಬಿರವೂ

ಹಲ್ಲು ಅಲುಗಾಡತೊಡಗಿದರೆ ವಯಸ್ಸಾಯಿತೆಂದು ಸುಮ್ಮನಾಗುವುದು ನಾಡಿನ ಇತರೆಡೆಗಳಂತೆ ಗುಂಡ್ಲುಪೇಟೆ ಸೀಮೆಯಲ್ಲಿಯೂ ರೂಢಿ. ನೋವೇ ಇಲ್ಲದ ಮೇಲೆ ವೈದ್ಯರನ್ನು ಕಾಣುವುದೇತಕ್ಕೆ ಎಂಬ ಮಾತೂ ಉಂಟು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಇಳಿಜಾರಿನಲ್ಲಿ ಮಳೆನೀರು ಬೇರಿನ ಮಣ್ಣನ್ನು ಕೊರೆದೊಯ್ದರೂ ಮರವು ಕೆಲಕಾಲ ನೆಟ್ಟಗೆಯೇ ನಿಂತಿರುತ್ತದೆ. ವಸಡಿನ ರೋಗ ತಗುಲಿದ ಹಲ್ಲಿನ ಸ್ಥಿತಿಯೂ ಅಂತಹುದೇ. ಅಲುಗಾಡುವುದು ಕಾಣುವ ವೇಳೆಗೆ ಅದನ್ನು ಹಿಡಿದಿದ್ದ ದವಡೆಯ ಮೂಳೆ ಬಹುಪಾಲು ಸವೆದಿರುತ್ತದೆ.

ಹಲ್ಲಿಗೂ ವಸಡಿಗೂ ನಡುವೆ ಕೂಡುವ ಪಾಚಿಯು ರೋಗಾಣುಗಳ ಬೀಡು. ಅದು ಗಟ್ಟಿಗೊಂಡು ಕಿಟ್ಟವಾದ ಮೇಲೆ ಬೇವಿನ ಕಡ್ಡಿಗಾಗಲಿ ಬ್ರಷ್ಷಿಗಾಗಲಿ ಬಗ್ಗುವುದಿಲ್ಲ. ವಸಡು ಊದಿಕೊಂಡು ರಕ್ತ ಒಸರುವ ಹಂತದಲ್ಲಿಯೇ ಶುಚಿಗೊಳಿಸಿದರೆ ಅದು ಮೊದಲಿನಂತಾಗುತ್ತದೆ. ಉಪೇಕ್ಷಿಸಿದವರಲ್ಲಿ ಹಲವರಿಗೆ, ರೋಗಾಣುಗಳ ವಿರುದ್ಧ ದೇಹವು ಹೂಡುವ ಹೋರಾಟವೇ ಮುಳುವಾಗಿ ಮೂಳೆ ಕರಗತೊಡಗುತ್ತದೆ. ಆರೋಗ್ಯವಂತ ವಸಡಿನ ಸಂದಿಯ ಆಳ ಸುಮಾರು 3 ಮಿಲಿಮೀಟರನ್ನು ಮೀರದು. ರೋಗ ಬಲಿತಲ್ಲಿ 6, 7 ಮಿಲಿಮೀಟರಿಗೂ ಇಳಿಯುವುದುಂಟು. ಸಕ್ಕರೆ ಕಾಯಿಲೆಯೂ ಹೊಗೆಸೊಪ್ಪೂ ಈ ನಾಶವನ್ನು ತೀವ್ರಗೊಳಿಸುತ್ತವೆ. ಬೀಡಿ ಸೇದುವವರಲ್ಲಿ ರಕ್ತ ಒಸರುವುದೇ ಕಡಿಮೆಯಾದ್ದರಿಂದ ರೋಗವು ಸದ್ದಿಲ್ಲದೆ ಬೆಳೆಯುತ್ತದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಎಲೆಯಡಿಕೆಯೊಡನೆ ಕಡ್ಡಿಪುಡಿ ಹಾಕುವ ಅಭ್ಯಾಸ ಮಾತ್ರ ಉಳಿದೇ ಇದೆ.

ಚಿಕಿತ್ಸೆಯೆಂದೊಡನೆ ಜನರು ಕತ್ತಿಯನ್ನು ನೆನೆದು ಅಂಜುತ್ತಾರೆ. ವಾಸ್ತವವಾಗಿ ಮೊದಲ ಹೆಜ್ಜೆಯಲ್ಲಿ ಕತ್ತಿಗೆ ಸ್ಥಾನವೇ ಇಲ್ಲ. ವಸಡಿನ ಮೇಲಿನ ಮತ್ತು ಒಳಗಿನ ಕಿಟ್ಟವನ್ನು ತೆಗೆದು, ಬೇರಿನ ಮೈಯನ್ನು ಶುದ್ಧಗೊಳಿಸುವುದಷ್ಟೇ ಆ ಕಾರ್ಯ. ಬೇಕಾದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಹೀಗೆ ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುವುದೆಂಬ ಭೀತಿ ವಿದ್ಯಾವಂತರಲ್ಲಿಯೂ ಇರುವುದು ವಿಷಾದದ ಸಂಗತಿ. ಸಡಿಲವು ಮೊದಲೇ ಇದ್ದುದು. ಮುಚ್ಚಿದ್ದ ಕಿಟ್ಟ ಹೋದಾಗ ಅದು ತಿಳಿದುಬರುತ್ತದೆ, ಅಷ್ಟೆ. ಆರು ವಾರಗಳಿಂದ ಮೂರು ತಿಂಗಳೊಳಗೆ ಸಂದಿಯ ಆಳವನ್ನು ಮತ್ತೆ ಅಳೆಯಬೇಕು. ಅನೇಕರಿಗೆ ಇಷ್ಟರಿಂದಲೇ ರೋಗ ಹತೋಟಿಗೆ ಬರುತ್ತದೆ.

ಅನಂತರವೂ 6 ಮಿಲಿಮೀಟರ್ ಅಥವಾ ಹೆಚ್ಚಿನ ಆಳ ಉಳಿದೆಡೆ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. ವಸಡನ್ನು ಬಿಡಿಸಿ, ಬೇರನ್ನು ಕಣ್ಣಾರೆ ಕಂಡು ಶುಚಿಗೊಳಿಸಿ ಮತ್ತೆ ಹೊಲಿಯುತ್ತಾರೆ. ಮೂಳೆಯಲ್ಲಿ ಕಿರಿದಾದ, ಆಳವಾದ ಕುಳಿಯಿದ್ದರೆ ಮೂಳೆಪುಡಿಯನ್ನು ತುಂಬಿಯೋ ತೆಳುಪೊರೆಯನ್ನು ಹೊದಿಸಿಯೋ ಒಂದಿಷ್ಟು ಮೂಳೆಯನ್ನು ಮರಳಿ ಬೆಳೆಸುವುದೂ ಸಾಧ್ಯ. ಆದರೆ ಉದ್ದಕ್ಕೂ ಸಮನಾಗಿ ಸವೆದುಹೋದ ಮೂಳೆಯನ್ನು ಹಿಂದಕ್ಕೆ ತರುವ ಭರವಸೆ ಯಾವ ಕತ್ತಿಗೂ ಇಲ್ಲ. ದಿನನಿತ್ಯದ ಶುಚಿತ್ವವೂ ಕೆಲವು ತಿಂಗಳಿಗೊಮ್ಮೆ ತಪಾಸಣೆಯೂ ಇಲ್ಲದಿದ್ದರೆ ಅತ್ಯುತ್ತಮ ಶಸ್ತ್ರಚಿಕಿತ್ಸೆಯೂ ವ್ಯರ್ಥವೇ.

ದಾನಿಗಳು ವಿಚಾರಿಸಬೇಕಾದ ಅಂಶ ಇಲ್ಲಿಯೇ ಇದೆ. ಗ್ರಾಮಾಂತರದಲ್ಲಿ ದಂತಸೇವೆಯೆಂದರೆ ಸಾಮಾನ್ಯವಾಗಿ ಒಂದು ದಿನದ ಶಿಬಿರ: ಶಾಮಿಯಾನ, ಹಾರತುರಾಯಿ, ಭಾಷಣ, ಸಂಜೆಯೊಳಗೆ ಕಿತ್ತ ಹಲ್ಲುಗಳ ಲೆಕ್ಕ. ಹುಳುಕು ಹಲ್ಲಿನ ನೋವಿಗೆ ಅದರಿಂದ ಉಪಕಾರವಿಲ್ಲವೆಂದಲ್ಲ. ಎರಡನೆಯ, ಮೂರನೆಯ ಭೇಟಿಯಲ್ಲಿಯೇ ಫಲ ಕಾಣುವ ರೋಗಕ್ಕೆ ಮಾತ್ರ ಅದು ತಕ್ಕ ಏರ್ಪಾಡಲ್ಲ. ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಲ್ಲಿ 1986ರಲ್ಲಿಯೇ ದಂತವೈದ್ಯ ಕಾಲೇಜನ್ನು ಸ್ಥಾಪಿಸಿತು. ಆದರೆ ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಹಂಗಳದ ಕೂಲಿಕಾರನಿಗೆ ಪ್ರತಿ ಭೇಟಿಯೂ ಒಂದು ದಿನದ ಕೂಲಿಯ ನಷ್ಟ. ಮೊದಲ ಸಲ ಬಂದವನು ಮತ್ತೆ ಬಾರದಿರುವುದು ಅವನ ಅಜ್ಞಾನದಿಂದಲೇ ಎಂದು ಹೇಳುವುದು ಅನ್ಯಾಯ.

ಒಂದು ದೊಡ್ಡ ಶಿಬಿರದ ವೆಚ್ಚವನ್ನು ಹಂಚಿ, ತಾಲ್ಲೂಕಿನಲ್ಲಿಯೇ ಮೂರು ತಿಂಗಳಿಗೊಮ್ಮೆ, ಅದೇ ರೋಗಿಗಳಿಗಾಗಿ ಸಣ್ಣ ತಪಾಸಣೆಯನ್ನು ನಡೆಸಿದರೆ ದಾಸೋಹದ ಹೆಸರಿಗೆ ಅದು ಹೆಚ್ಚು ಒಪ್ಪುತ್ತದೆ. ಫೋಟೋಗೆ ಅಷ್ಟು ಒಪ್ಪದಿರಬಹುದು. ರೋಗಿಗಳ ಹೆಸರು, ವಸಡಿನ ಅಳತೆ, ಮುಂದಿನ ಭೇಟಿಯ ದಿನ ಇವುಗಳ ಪುಸ್ತಕವನ್ನಿಡಲು ಶಾಲೆಗಿಂತ ಯೋಗ್ಯವಾದ ಸ್ಥಳವಿಲ್ಲ. ಹಾಜರಿ ಹಿಡಿಯುವುದು ಉಪಾಧ್ಯಾಯರಿಗೆ ಹೊಸತೇನಲ್ಲ. ಮಕ್ಕಳ ಮೂಲಕ ತಂದೆತಾಯಿಗಳಿಗೆ ದಿನವನ್ನು ನೆನಪಿಸುವುದೂ ಸುಲಭ. ಶ್ರಾವಣ ಶನಿವಾರಗಳಲ್ಲಿ ಬೆಟ್ಟದ ಬುಡದಲ್ಲಿ ಸರ್ಕಾರಿ ಬಸ್ಸಿಗಾಗಿ ತಾಳ್ಮೆಯಿಂದ ಕಾದು ನಿಲ್ಲುವ ಜನಕ್ಕೆ, ಗೊತ್ತಾದ ದಿನ ತಪ್ಪದೆ ಮರಳಿ ಬರುವುದನ್ನು ಯಾರೂ ಕಲಿಸಬೇಕಾಗಿಲ್ಲ.